ಇಗರ್ಜಿ ವೋಟು ಎಂಬುದೊಂದಿಲ್ಲ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂತೆಂದರೆ ಕಾರವಾರ ಪೇಟೆಯಲ್ಲಿ ಒಂದು ಪ್ರಶ್ನೆ ತಿರುಗಾಡತೊಡಗುತ್ತದೆ: ‘ಈ ಸಲ ಇಗರ್ಜಿ ವೋಟು ಯಾರಿಗೆ?’ ಪತ್ರಿಕೆಗಳೂ ಕ್ಷೇತ್ರವಾರು ಜಾತಿ ಲೆಕ್ಕದ ಪಟ್ಟಿ ಹಾಕುವಾಗ ಕ್ರೈಸ್ತರಿಗೊಂದು ಸಾಲು ಕೊಟ್ಟು, ಎದುರಿಗೆ ಒಂದು ಸಂಖ್ಯೆ ಬರೆದು, ಅದು ಯಾವ ಪಕ್ಷದ ಬುಟ್ಟಿಗೆ ಬೀಳುತ್ತದೆಂದು ತೀರ್ಪನ್ನೂ ಕೊಟ್ಟುಬಿಡುತ್ತವೆ. ಪಾದ್ರಿಗಳು ಭಾನುವಾರ ಒಂದು ಮಾತು ಹೇಳಿದರೆ ಊರಿನ ಕ್ರೈಸ್ತರೆಲ್ಲ ಒಂದೇ ಗುಂಡಿ ಒತ್ತುತ್ತಾರೆ ಎಂಬ ನಂಬಿಕೆ ಇದರ ಹಿಂದಿದೆ. ಅದು ನಿಜವಲ್ಲ, ನಿಜವಾಗಲೂ ಬಾರದು. ಬೇಸರವೆಂದರೆ, ಅದು ನಿಜವಾದರೆ ಒಳ್ಳೆಯದಿತ್ತು ಎಂದುಕೊಳ್ಳುವವರು ಇಗರ್ಜಿಯ ಒಳಗೂ ಹೆಚ್ಚುತ್ತಿದ್ದಾರೆ. ಅವರಿಗೂ ಹೊರಗಿನವರಿಗೂ ಸೇರಿಸಿ ಈ ಪತ್ರ.

ಮೊದಲು ಲೆಕ್ಕ. 2011ರ ಜನಗಣತಿಯಂತೆ ಉತ್ತರ ಕನ್ನಡದಲ್ಲಿ ಕ್ರೈಸ್ತರು ನೂರಕ್ಕೆ 3ರ ಆಸುಪಾಸು. ಇಷ್ಟು ಮಂದಿ ಒಟ್ಟಾಗಿ ಒಂದೇ ಕಡೆ ನಿಂತರೂ ಲೋಕಸಭೆಗೆ ಯಾರನ್ನೂ ಕಳಿಸಲಾರರು. ಆದರೂ ಈ ಜಿಲ್ಲೆ ಜೋಕಿಮ್ ಆಳ್ವರನ್ನು 1952, 1957, 1962ರಲ್ಲಿ ಮೂರು ಸಲ ಗೆಲ್ಲಿಸಿತು. ಅವರ ಸೊಸೆ ಮಾರ್ಗರೆಟ್ ಆಳ್ವ 1999ರಲ್ಲಿ ಗೆದ್ದರು, 2004ರಲ್ಲಿ ಸೋತರು. ಗೆಲ್ಲಿಸಿದವರೂ ಸೋಲಿಸಿದವರೂ ಹೆಚ್ಚಿನಂಶ ಕ್ರೈಸ್ತರಲ್ಲದವರೇ. ಇನ್ನೂ ಹಿಂದಕ್ಕೆ ಹೋದರೆ, ಸಂವಿಧಾನ ಸಭೆಯಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು 1949ರಲ್ಲಿ ಕೈಬಿಟ್ಟಾಗ ಅದಕ್ಕೆ ಒಪ್ಪಿದವರಲ್ಲಿ ಸಭೆಯ ಉಪಾಧ್ಯಕ್ಷ ಎಚ್.ಸಿ. ಮುಖರ್ಜಿ, ಮಂಗಳೂರು ಮೂಲದ ಜೆಸುಯಿಟ್ ಪಾದ್ರಿ ಜೆರೋಮ್ ಡಿಸೋಜ ಇದ್ದರು. ನಮ್ಮನ್ನು ಬೇರೆ ರಾಶಿ ಮಾಡಿ ಎಣಿಸಬೇಡಿ ಎಂದು ದೇಶಕ್ಕೆ ಹೇಳಿದ್ದು ಆ ತಲೆಮಾರು. ಈಗ ನಾವೇ ಹೋಗಿ ರಾಶಿಯಲ್ಲಿ ಕೂತರೆ ಅವರ ಮಾತಿಗೆ ಬೆಲೆಯೇನು ಉಳಿಯಿತು?

ಹಾಗಾದರೆ ಕ್ರೈಸ್ತ ವಿಶ್ವಾಸಕ್ಕೂ ಮತಕ್ಕೂ ಸಂಬಂಧವೇ ಇಲ್ಲವೇ? ಇದೆ, ಅದು ಅಂತಃಸಾಕ್ಷಿಯ ದಾರಿಯಲ್ಲಿ ಬರಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕಿಗಿಂತ ಮೊದಲು ಹೇಳುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಕನ್ನಡದ ಈ ಪದವೇ ಅರ್ಧ ಪಾಠ ಹೇಳಿಕೊಡುತ್ತದೆ. ಕೋರ್ಟಿನಲ್ಲಿ ಸಾಕ್ಷಿ ನ್ಯಾಯಾಧೀಶನೂ ಅಲ್ಲ, ವಕೀಲನೂ ಅಲ್ಲ, ಕಂಡದ್ದನ್ನು ಹೇಳಬೇಕಾದವನು. ಏನನ್ನೂ ಕಾಣದೆ ಕಟಕಟೆ ಹತ್ತಿದವನನ್ನು ಸುಳ್ಳುಸಾಕ್ಷಿ ಎನ್ನುತ್ತೇವೆ. ‘ನನ್ನ ಮನಸ್ಸಿಗೆ ಹಾಗನ್ನಿಸಿತು’ ಎಂಬುದನ್ನೇ ಅಂತಃಸಾಕ್ಷಿ ಎಂದುಕೊಂಡವರು ಬಹಳ. ಕಥೋಲಿಕ ಧರ್ಮಸಭೆಯ ಬೋಧನೆ ಬೇರೆ: ಅಂತಃಸಾಕ್ಷಿಯ ಖಚಿತ ತೀರ್ಮಾನಕ್ಕೆ ಮನುಷ್ಯ ಬದ್ಧ, ಆದರೆ ಅದನ್ನು ತಿದ್ದಿ ಬೆಳೆಸುವ ಹೊಣೆಯೂ ಅವನದೇ. ಸತ್ಯ ಹುಡುಕುವ ಶ್ರಮವನ್ನೇ ಮಾಡದೆ ತಪ್ಪು ತೀರ್ಮಾನಕ್ಕೆ ಬಂದರೆ ಆ ಅಜ್ಞಾನಕ್ಕೂ ಅವನೇ ಜವಾಬ್ದಾರ.

ಮೊದಲು ಬೇಲಿ ಎಲ್ಲಿದೆ ಎಂದು ತಿಳಿದಿರಬೇಕು. ಪ್ರಜಾಪ್ರತಿನಿಧಿ ಕಾಯ್ದೆ 1951ರ 123ನೇ ಕಲಮಿನ 2ನೇ ಉಪಕಲಮಿನಂತೆ, ಇಂಥವರಿಗೆ ಮತ ಹಾಕಿದರೆ ಅಥವಾ ಹಾಕದಿದ್ದರೆ ದೈವಕೋಪಕ್ಕೆ, ಧಾರ್ಮಿಕ ದಂಡನೆಗೆ ಗುರಿಯಾಗುತ್ತೀರಿ ಎಂದು ಮತದಾರನನ್ನು ನಂಬಿಸುವುದು ಭ್ರಷ್ಟ ಆಚರಣೆ. 3ನೇ ಉಪಕಲಮಿನಂತೆ ಧರ್ಮದ ಹೆಸರಲ್ಲಿ ಮತ ಕೇಳುವುದೂ ಹಾಗೆಯೇ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 4:3ರ ಬಹುಮತದಿಂದ ಇದರ ವ್ಯಾಪ್ತಿಯನ್ನು ಹಿಗ್ಗಿಸಿತು: ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮ ಎತ್ತಿ ಕೇಳಿದರೂ ತಪ್ಪೇ. ಅಭ್ಯರ್ಥಿ ಅಥವಾ ಅವರ ಏಜೆಂಟರ ಒಪ್ಪಿಗೆಯಿಂದ ಇದು ನಡೆದದ್ದು ಸಾಬೀತಾದರೆ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಬಹುದು. 6 ವರ್ಷದವರೆಗೆ ಅನರ್ಹತೆಯೂ ಬರಬಹುದು. ಅಭ್ಯರ್ಥಿಗೆ ಸುದ್ದಿಯೇ ಇಲ್ಲದೆ ಯಾರೋ ಅತ್ಯುತ್ಸಾಹಿಗಳು ‘ಆ ಚಿಹ್ನೆಗೆ ಒತ್ತಿದರೆ ಪಾಪ’ ಎಂದು ಹೆದರಿಸಿದರೆ? ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಮು ಅದನ್ನು ಅನುಚಿತ ಪ್ರಭಾವ ಎನ್ನುತ್ತದೆ. 1 ವರ್ಷದವರೆಗೆ ಸಜೆ ಇದೆ.

ಜಾಗದ ವಿಷಯದಲ್ಲಿ ಹೆಚ್ಚು ಎಡವುತ್ತೇವೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕಾಯ್ದೆ ಆರಾಧನೆಯ ಕಟ್ಟಡಕ್ಕೆ ಮಾತ್ರ ಅನ್ವಯಿಸುತ್ತದೆಂಬುದು ತಪ್ಪು ತಿಳಿವಳಿಕೆ. ಸಂಸ್ಥೆಗೆ ಸೇರಿದ, ಅದರ ಹಿಡಿತದಲ್ಲಿರುವ ಯಾವ ಜಾಗವನ್ನೂ ರಾಜಕೀಯ ಚಟುವಟಿಕೆಗೆ ಕೊಡುವಂತಿಲ್ಲ. ಅಂದರೆ ಪಕ್ಕದ ಸಭಾಭವನವೂ ಬಂತು, ಅಂಗಳವೂ ಬಂತು. ಸಂಸ್ಥೆಯ ಹಣವನ್ನು ಪಕ್ಷದ ಲಾಭಕ್ಕೆ ಬಳಸುವಂತೆಯೂ ಇಲ್ಲ. ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಹಬ್ಬದ ದಿನ ಅಭ್ಯರ್ಥಿ ಬಂದರೆ ಬಾಗಿಲು ಹಾಕಬೇಕೆಂದಲ್ಲ. ಎಲ್ಲರ ಹಾಗೆ ಬೆಂಚಿನಲ್ಲಿ ಕೂರಲಿ, ಮೇಣದಬತ್ತಿ ಹಚ್ಚಲಿ, ಆಶೀರ್ವಾದ ಪಡೆಯಲಿ. ಶಾಲು, ಹಾರ, ಮೈಕು ಬೇಡ. ಧನ್ಯವಾದದ ಪಟ್ಟಿಯಲ್ಲಿ ಹೆಸರೂ ಬೇಡ. ಇನ್ನು ‘ಸಭಾಭವನಕ್ಕೆ ಶೀಟು ಹಾಕಿಸಿಕೊಡುತ್ತೇನೆ, ಅಂಗಳಕ್ಕೆ ಇಂಟರ್‌ಲಾಕ್ ಮಾಡಿಸುತ್ತೇನೆ’ ಎಂಬ ಮಾತು. ಚುನಾವಣೆ ಎದುರಿಗಿರುವಾಗ ಮತಕ್ಕಾಗಿ ಕೊಟ್ಟದ್ದು ಲಂಚ, ತೆಗೆದುಕೊಂಡದ್ದೂ ಲಂಚವೇ. ಇಗರ್ಜಿಯ ಆಡಳಿತ ನೋಡುವ ಪಾಲನಾ ಪರಿಷತ್ತಿನ ಸಭೆಯಲ್ಲಿ ಇದನ್ನು ಬಾಯಿಮಾತಲ್ಲಿ ಬಿಡದೆ, ನೀತಿಸಂಹಿತೆ ಜಾರಿಯಾಗುವ ಮೊದಲೇ ನಡಾವಳಿ ಪುಸ್ತಕದಲ್ಲಿ ಠರಾವು ಬರೆದಿಡುವುದು ಒಳ್ಳೆಯದು: ಫಲಿತಾಂಶ ಬರುವವರೆಗೆ ಅಭ್ಯರ್ಥಿಗಳಿಂದಲೂ ಪಕ್ಷದವರಿಂದಲೂ ವಸ್ತುವಾಗಲಿ ಹಣವಾಗಲಿ ಸ್ವೀಕರಿಸುವುದಿಲ್ಲ ಎಂದು. ಬರೆದಿಟ್ಟರೆ ‘ನಮ್ಮಲ್ಲಿ ಹೀಗೆ ನಿಯಮವಿದೆ’ ಎನ್ನಬಹುದು, ಪಾದ್ರಿಗಳೊಬ್ಬರೇ ಕೆಟ್ಟವರಾಗಬೇಕಿಲ್ಲ.

ಸರ್ಕಾರಿ ಕಾನೂನಿಗೆ ಹೆದರಿ ಇಷ್ಟೆಲ್ಲ ಎಂದುಕೊಂಡರೆ ಅದು ಅರ್ಧ ಮಾತು. ಧರ್ಮಸಭೆಯ ಸ್ವಂತ ಕಾನೂನೇ ಇದಕ್ಕಿಂತ ಬಿಗಿ. 1983ರ ಸಂಹಿತೆಯ 285ನೇ ನಿಯಮದಂತೆ ಯಾಜಕರು ಆಡಳಿತಾಧಿಕಾರ ಚಲಾಯಿಸುವ ಸಾರ್ವಜನಿಕ ಹುದ್ದೆ ಹಿಡಿಯುವಂತಿಲ್ಲ. 287ನೇ ನಿಯಮದಂತೆ ಪಕ್ಷ ರಾಜಕೀಯದಲ್ಲಿ ಸಕ್ರಿಯರಾಗುವಂತಿಲ್ಲ. ರಾಜಕೀಯ ಶ್ರೀಸಾಮಾನ್ಯರ, ಅಂದರೆ ಯಾಜಕರಲ್ಲದ ವಿಶ್ವಾಸಿಗಳ ಕ್ಷೇತ್ರ. ಅಲ್ಲಿ ಅವರು ಪರಸ್ಪರ ಒಪ್ಪದಿರಬಹುದು ಎಂಬುದನ್ನೂ ಲೋಕದ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರ ತನ್ನ ದಾಖಲೆಯಲ್ಲಿ ಬಿಡಿಸಿ ಹೇಳಿತು: ಪ್ರಾಮಾಣಿಕ ವಿಶ್ವಾಸಿಗಳು ಒಂದೇ ವಿಷಯದಲ್ಲಿ ಬೇರೆ ಬೇರೆ ನಿಲುವಿಗೆ ಬರಬಹುದು, ಆಗ ಧರ್ಮಸಭೆಯ ಅಧಿಕಾರ ತನ್ನ ಅಭಿಪ್ರಾಯದ ಬೆನ್ನಿಗಿದೆ ಎಂದು ಯಾರೂ ಹೇಳಿಕೊಳ್ಳಕೂಡದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಿಜವಾದ ಕ್ರೈಸ್ತ ಇವರಿಗೇ ಮತ ಹಾಕಬೇಕು’ ಎಂದು ಬರೆಯುವವರು, ಅವರು ಯಾವ ಪಕ್ಷದವರೇ ಇರಲಿ, ಮುರಿಯುತ್ತಿರುವುದು ಈ ನಿಯಮವನ್ನೇ.

ತಪ್ಪು ಸದ್ದಿಲ್ಲದೆ ನುಸುಳುವ ಒಂದು ಜಾಗವಿದೆ: ಬಲಿಪೂಜೆಯ (ಇಗರ್ಜಿಯ ಭಾನುವಾರದ ಪೂಜೆ, ಮಾಸ್) ನಡುವೆ ಬರುವ ವಿಶ್ವಾಸಿಗಳ ಪ್ರಾರ್ಥನೆ. ಅದರ ಕ್ರಮ ಗೊತ್ತಾದದ್ದೇ. ಮೊದಲು ಧರ್ಮಸಭೆಯ ಅಗತ್ಯ, ನಂತರ ಆಳುವವರು ಮತ್ತು ಇಡೀ ಲೋಕ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ಸ್ಥಳೀಯ ಸಮುದಾಯ. ಎರಡನೆಯದು ಬಂದಾಗ ಎಡವಟ್ಟಾಗುತ್ತದೆ. ‘ದೇಶವನ್ನು ಒಡೆಯುವ ಶಕ್ತಿಗಳು ಸೋತು, ಎಲ್ಲರನ್ನೂ ಜೊತೆಗೆ ಕೊಂಡೊಯ್ಯುವ ಸರ್ಕಾರ ಬರಲೆಂದು ಪ್ರಾರ್ಥಿಸೋಣ’ ಎಂದು ಓದಿದರೆ ಅದರಲ್ಲಿ ಯಾವ ಪಕ್ಷದ ಹೆಸರೂ ಇಲ್ಲ, ಆದರೆ ಕೂತವರಿಗೆಲ್ಲ ಎರಡು ಹೆಸರು ಕೇಳಿಸುತ್ತದೆ. ‘ದಿಟ್ಟ ನಾಯಕತ್ವ ಮುಂದುವರಿಯಲಿ’ ಎಂದರೂ ಅಷ್ಟೇ, ಬರೀ ದಿಕ್ಕು ಬೇರೆ. ಅದೇ ಜಾಗದಲ್ಲಿ ಹೀಗೆ ಬರೆಯಬಹುದು: ‘ನಮ್ಮನ್ನು ಆಳುವವರಿಗೂ ಆಳಲು ಬಯಸುವವರಿಗೂ ಬಡವರ ಕೂಗು ಕೇಳುವ ಕಿವಿಯನ್ನು, ಮತ ಹಾಕುವ ನಮಗೆ ಭಯವೂ ಆಸೆಯೂ ಇಲ್ಲದ ಮನಸ್ಸನ್ನು ದಯಪಾಲಿಸು.’ ಒಂದೇ ವಾಕ್ಯ. ಸರ್ಕಾರ ಬದಲಾಗಲಿ ಅಥವಾ ಉಳಿಯಲಿ ಎಂಬ ಸೂಚನೆ ಇಲ್ಲ. ಪರೀಕ್ಷಿಸಲು ಸುಲಭ ಉಪಾಯವಿದೆ. ಎರಡೂ ಪಕ್ಷಗಳ ಬೂತ್ ಏಜೆಂಟರು ಒಂದೇ ಬೆಂಚಿನಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು’ ಎಂದು ಇಬ್ಬರೂ ತಡವರಿಸದೆ ದನಿಗೂಡಿಸಬಲ್ಲರೇ? ಒಬ್ಬ ಬಾಯಿ ಮುಚ್ಚಿಕೊಂಡರೆ ಆ ಚೀಟಿಯನ್ನು ತಿದ್ದಬೇಕು. ಭಾನುವಾರ ಬೆಳಿಗ್ಗೆ ಪೂಜೆಗೆ ಐದು ನಿಮಿಷ ಮುಂಚೆ ಬರೆದರೆ ಇದು ಸಾಧ್ಯವಿಲ್ಲ. ಶನಿವಾರವೇ ಬರೆದು ಇನ್ನೊಬ್ಬರಿಗೆ ಓದಲು ಕೊಡಬೇಕು.

ಇದು ಚಿಲ್ಲರೆ ವಿಷಯವೆನ್ನುವವರು 2018ರ ಮೇ ತಿಂಗಳನ್ನು ನೆನೆಸಿಕೊಳ್ಳಲಿ. ದೆಹಲಿಯ ಆರ್ಚ್‌ಬಿಷಪ್ ದೇಶಕ್ಕಾಗಿ ಪ್ರಾರ್ಥನೆ, ಶುಕ್ರವಾರದ ಉಪವಾಸ ಮಾಡಲು ತಮ್ಮ ಧರ್ಮಕೇಂದ್ರಗಳಿಗೆ ಪತ್ರ ಬರೆದರು. ದೇಶಕ್ಕಾಗಿ ಪ್ರಾರ್ಥಿಸುವುದು ಹೊಸತೇನಲ್ಲ. ಶುಭ ಶುಕ್ರವಾರದ ಹತ್ತು ಮಹಾಪ್ರಾರ್ಥನೆಗಳಲ್ಲಿ ಒಂಬತ್ತನೆಯದು ಆಳುವವರಿಗಾಗಿಯೇ ಇದೆ. ಆದರೆ ಆ ಪತ್ರದಲ್ಲಿ 2019ರ ಹೊಸ ಸರ್ಕಾರದ ಪ್ರಸ್ತಾಪ ಸೇರಿತ್ತು. ಟಿವಿಗಳಲ್ಲಿ ಗದ್ದಲವಾದದ್ದು ಉಪವಾಸದ ಬಗ್ಗೆಯಲ್ಲ, ಆ ಪ್ರಸ್ತಾಪದ ಬಗ್ಗೆ. ಆರ್ಚ್‌ಬಿಷಪ್ಪರ ಕಳವಳ ನ್ಯಾಯವಾದದ್ದೇ ಎನ್ನುವವರು ಕೂಡ ಆ ವಾಕ್ಯವನ್ನು ಸಮರ್ಥಿಸಲು ಹೆಣಗಬೇಕಾಯಿತು.

ಪಾದ್ರಿಗಳು ಪ್ರವಚನ ಪೀಠದಿಂದ ಪಕ್ಷದ ಹೆಸರು ಹೇಳಬಾರದೆಂದರೆ ಪೀಠ ಮೂಕವಾಗಬೇಕೆಂದಲ್ಲ. ಅನ್ಯಾಯವನ್ನು ಅನ್ಯಾಯವೆನ್ನಲು ಯಾವ ಕಾಯ್ದೆಯೂ ಅಡ್ಡಿಯಿಲ್ಲ. ಆದರೆ ಅಂತಃಸಾಕ್ಷಿ ತಯಾರಾಗುವ ನಿಜವಾದ ಜಾಗ ಪೀಠವಲ್ಲ, ಮನೆಗಳಲ್ಲಿ ಸೇರುವ ಕಿರು ಸಮುದಾಯಗಳು. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಎಂಬ ಪಾದ್ರಿ ಯುವ ಕಾರ್ಮಿಕರಿಗೆ ಹೇಳಿಕೊಟ್ಟ, 1961ರಲ್ಲಿ 23ನೇ ಯೊವಾನ್ನ ಜಗದ್ಗುರುಗಳು (ಪೋಪ್) ಎಲ್ಲರಿಗೂ ಶಿಫಾರಸು ಮಾಡಿದ ‘ನೋಡು, ತೂಗು, ನಡೆ’ ಎಂಬ ಕ್ರಮ ಇದಕ್ಕೆ ಸಾಕು. ಎಂಟರಿಂದ ಹತ್ತು ಜನ, ಒಂದೂವರೆ ಗಂಟೆ, ಮೊಬೈಲುಗಳೆಲ್ಲ ಒಂದು ಬುಟ್ಟಿಯಲ್ಲಿ. ನೋಡುವುದಕ್ಕೇ ಅರ್ಧಕ್ಕಿಂತ ಹೆಚ್ಚು ಸಮಯ ಕೊಡಬೇಕು, ಮತ್ತು ನೋಡಲು ಕಾಗದ ಬೇಕು. ವಿಧಾನಸಭೆ, ಲೋಕಸಭೆಯ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಟ್ಟಿರುತ್ತಾರೆ. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲ, ಐದು ವರ್ಷದ ಆದಾಯ ತೆರಿಗೆ ವಿವರ, ಓದು ಎಲ್ಲ ಅದರಲ್ಲಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ಮುದ್ರಿಸಿಕೊಳ್ಳಬಹುದು. ತೂಗುವಾಗ ತಕ್ಕಡಿಗೆ ಹಾಕಬೇಕಾದ್ದು ಮನುಷ್ಯನ ಘನತೆ, ಸರ್ವರ ಹಿತ, ಬಡವರ ಪಾಲು, ಮತ್ತು ಗ್ರಾಮಸಭೆ ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದೆಂಬ ನಿಯಮ. ಯಾವ ಪಕ್ಷವೂ ಎಲ್ಲದರಲ್ಲೂ ಪಾಸಾಗುವುದಿಲ್ಲ. ಹಾಗಾಗಿಯೇ ಕೊನೆಯಲ್ಲಿ ಗುಂಪಿನ ಠರಾವು ಮಾಡಕೂಡದು, ಕೈ ಎತ್ತಿಸಕೂಡದು. ಹೆಚ್ಚಿನ ಗುಂಪುಗಳು ಹಾಳಾಗುವುದು ಇಲ್ಲೇ: ಮಾತುಗಾರನೊಬ್ಬ ಮೊದಲ ಹತ್ತು ನಿಮಿಷದಲ್ಲೇ ‘ಹಾಗಾದರೆ ಯಾರಿಗೆ?’ ಎಂದು ಕೇಳಿಬಿಡುತ್ತಾನೆ, ಉಳಿದ ಎಂಬತ್ತು ನಿಮಿಷ ಜಗಳ.

ಇನ್ನೊಂದು ದೋಷ, ‘ನಮಗೇನು ಸಿಗುತ್ತದೆ?’ ಎಂಬಲ್ಲಿಗೇ ಎಲ್ಲವೂ ನಿಲ್ಲುವುದು. ಸ್ಮಶಾನದ ಜಾಗ, ಅಲ್ಪಸಂಖ್ಯಾತರ ಅನುದಾನ, ಪ್ರಾರ್ಥನಾ ಮಂದಿರಗಳ ಮೇಲಿನ ದಾಳಿ, ಇವನ್ನು ಕೇಳುವುದು ತಪ್ಪಲ್ಲ. ಆದರೆ ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ಹಾಲಕ್ಕಿಗಳು, ಜೊಯಿಡಾದ ಕುಣಬಿಗಳು ಪರಿಶಿಷ್ಟ ಪಂಗಡದ ಪಟ್ಟಿಗಾಗಿ ವರ್ಷಗಟ್ಟಲೆ ಕಾದರು. ಇವೆಲ್ಲ ನಮ್ಮ ಪ್ರಶ್ನೆಗಳಲ್ಲವೆಂದರೆ ಸರ್ವರ ಹಿತ ಎಂಬ ಮಾತು ಬಾಯುಪಚಾರ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅಲ್ಲಿ ಧರ್ಮ ಅಡ್ಡ ಬರುವುದಿಲ್ಲ. ಪರಿಶಿಷ್ಟ ಜಾತಿಗೆ ಹಾಗಿಲ್ಲ. 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳಿಗಷ್ಟೇ ಇತ್ತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು. ದಲಿತ ಕ್ರೈಸ್ತ ಹೊರಗೇ ಉಳಿದ. ಇದನ್ನು ಪ್ರಶ್ನಿಸಲೇಬೇಕು. ಪ್ರಶ್ನಿಸುವಾಗ, ಮದುವೆ ಮಾತುಕತೆಯಲ್ಲಿ ಇಂದಿಗೂ ಜಾತಿ ವಿಚಾರಿಸುವ ಕರಾವಳಿಯ ಕ್ರೈಸ್ತರು ತಮ್ಮ ಮುಖವನ್ನೂ ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಲಿ.

ಸುಳ್ಳುಸಾಕ್ಷಿಯ ಮಾತು ಬಂದಾಗ ಈ ಜಿಲ್ಲೆಗೆ ಹೊರಗಿನ ಉದಾಹರಣೆ ಬೇಡ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಸಾವಿನ ನಂತರ ಹರಡಿದ ಮಾತುಗಳಿಂದ ಕುಮಟಾ, ಶಿರಸಿವರೆಗೆ ಕಲ್ಲು ಬಿದ್ದವು, ಬೆಂಕಿ ಹತ್ತಿತು. ಸಿಬಿಐ 2022ರಲ್ಲಿ ಅದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ನಡುವೆ ಕಳೆದದ್ದು ಸುಮಾರು ಐದು ವರ್ಷ. ಸಂದೇಶ ಮುಂದಕ್ಕೆ ಕಳಿಸಲು ಬೇಕಾದದ್ದು ಒಂದು ಬೆರಳು. ಕ್ರೈಸ್ತರ ಗುಂಪುಗಳಲ್ಲಿ ಓಡಾಡುವ ‘ಅಲ್ಲಿ ಇಗರ್ಜಿ ಸುಟ್ಟರು’ ಎಂಬ ವಿಡಿಯೊಗಳಿಗೂ ಇದೇ ಮಾತು ಸಲ್ಲುತ್ತದೆ. ಊರು, ದಿನಾಂಕ, ಠಾಣೆಯ ಹೆಸರು ಮೂರೂ ಇಲ್ಲದ್ದನ್ನು ಕಳಿಸಬಾರದು. ಪರರ ವಿರುದ್ಧ ಸುಳ್ಳುಸಾಕ್ಷಿ ಹೇಳಬೇಡ ಎಂಬ ದೇವಾಜ್ಞೆಯಲ್ಲಿ ‘ನಮ್ಮವರ ಒಳ್ಳೆಯದಕ್ಕಾದರೆ ಪರವಾಗಿಲ್ಲ’ ಎಂಬ ವಿನಾಯಿತಿ ಇಲ್ಲ.

ಅಂತಃಸಾಕ್ಷಿ ಮತ್ತು ಆಜ್ಞೆ ಎದುರುಬದುರಾದಾಗ ಏನು ಮಾಡಬೇಕು? ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರ ಹೇಳಿದ್ದು ಎಲ್ಲರಿಗೂ ಬಾಯಿಪಾಠ. ಆ ಮಾತನ್ನು ನಡೆಸುವ ರೀತಿ ಹೇಗೆಂದು ನೋಡಲು ಕೇರಳದ ಮೂವರು ಮಕ್ಕಳ ಪ್ರಕರಣ ಓದಬೇಕು. ಯೆಹೋವನ ಸಾಕ್ಷಿಗಳ ಪಂಥದ ಆ ಒಡಹುಟ್ಟುಗಳು 1985ರಲ್ಲಿ ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ 25ನೇ ವಿಧಿಯನ್ನು ಎತ್ತಿಹಿಡಿದು ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಅವರು ಮುಚ್ಚುಮರೆ ಮಾಡಲಿಲ್ಲ, ಯಾರನ್ನೂ ಹೀಯಾಳಿಸಲಿಲ್ಲ, ಹಾಡುವವರಿಗೆ ಅಡ್ಡಿ ಮಾಡಲಿಲ್ಲ. ಕಥೋಲಿಕರು ರಾಷ್ಟ್ರಗೀತೆ ಹಾಡುವವರೇ, ಆ ಪಂಥದ ನಂಬಿಕೆ ನಮ್ಮದಲ್ಲ. ಆದರೂ ಆ ತೀರ್ಪು ನಮ್ಮನ್ನೂ ಕಾಯುತ್ತದೆ. ನಮಗೆ ತಪ್ಪೆಂದು ಕಾಣುವವರ ಅಂತಃಸಾಕ್ಷಿಗೂ ಅದೇ ಸ್ವಾತಂತ್ರ್ಯ ಸಿಗದಿದ್ದರೆ ನಮಗೆ ಸಿಕ್ಕಿರುವುದು ಬರೀ ರಿಯಾಯಿತಿ. ಪೆಂತೆಕೋಸ್ತರ ಮನೆ ಪ್ರಾರ್ಥನೆಗೆ ಗುಂಪು ನುಗ್ಗಿದಾಗ ‘ಅವರು ನಮ್ಮವರಲ್ಲ’ ಎಂದು ಜಾರಿಕೊಳ್ಳುವ ಕಥೋಲಿಕರಿಗೆ ಇದನ್ನು ಒತ್ತಿ ಹೇಳಬೇಕಿದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾ ಮಂದಿರಗಳಿಗೆ ಕಲ್ಲು ಎಸೆದವರು ಪಂಥ ವಿಚಾರಿಸಲಿಲ್ಲ.

ಮತಾಂತರದ ವಿಷಯವೂ ಇದಕ್ಕೆ ಸೇರಿದ್ದೇ. ಯಾರನ್ನೂ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ವಿಶ್ವಾಸಕ್ಕೆ ಬಲವಂತಪಡಿಸಕೂಡದು ಎಂಬುದು ಧರ್ಮಸಭೆಯ 748ನೇ ನಿಯಮ. ವಯಸ್ಕರ ಸ್ನಾನದೀಕ್ಷೆಗೆ (ಬ್ಯಾಪ್ಟಿಸಂ) ಅವರ ಸ್ಪಷ್ಟ ಇಚ್ಛೆ, ಬೋಧನೆ, ಪರೀಕ್ಷೆಯ ಅವಧಿ ಎಲ್ಲ ಬೇಕು. ಅಕ್ಕಿ, ಔಷಧ, ಶಾಲೆಯ ಆಸೆ ತೋರಿಸಿ ಕೊಟ್ಟ ದೀಕ್ಷೆ ಧರ್ಮಸಭೆಯ ಕಣ್ಣಿನಲ್ಲೇ ಅಪರಾಧ. ಇದನ್ನು ಮರೆತು ಎಣಿಕೆ ಹೆಚ್ಚಿಸಲು ಹೊರಟವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ 2022ರ ಕರ್ನಾಟಕದ ಕಾಯ್ದೆ ತಂದ ಕ್ರಮ ನೋಡಿ: 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ, ನೋಟಿಸ್ ಬೋರ್ಡಿನಲ್ಲಿ ಹೆಸರು, ಆಕ್ಷೇಪಣೆಗೆ ಅವಕಾಶ. ಹಿಂದಿನ ಧರ್ಮಕ್ಕೆ ಮರಳುವವರಿಗೆ ಮಾತ್ರ ಇದ್ಯಾವುದೂ ಇಲ್ಲ, ಅದು ಮತಾಂತರವೇ ಅಲ್ಲವೆಂದು ಬರೆಯಲಾಯಿತು. ಒಳಬರುವ ಬಾಗಿಲಿಗೆ ಬೀಗ, ಹಿಂದಿರುಗುವ ಬಾಗಿಲು ಹಾರುಹೊಡೆದಂತೆ ತೆರೆದಿರುವ ಕಾಯ್ದೆ ಅಂತಃಸಾಕ್ಷಿಯ ರಕ್ಷಣೆಗೆಂದು ಹುಟ್ಟಿದ್ದಲ್ಲ. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದು ಸರಿ.

ಮತಗಟ್ಟೆಯಲ್ಲಿ ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್‌ನ ಗಾಜಿನ ಹಿಂದೆ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಆ 7 ಸೆಕೆಂಡ್ ಅಲ್ಲಿ ಪಾದ್ರಿಯೂ ಇಲ್ಲ, ಗಂಡನೂ ಇಲ್ಲ, ಗುಂಪಿನ ಅಡ್ಮಿನ್ನೂ ಇಲ್ಲ. ಮೊಬೈಲ್ ಒಳಗೆ ಒಯ್ಯುವಂತಿಲ್ಲವಾದರೂ ಕೆಲವರು ಅದರ ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. ಇದ್ದ ಒಂದೇ ಏಕಾಂತವನ್ನೂ ಮಾರಿಕೊಂಡಂತೆ. ಯಾರೂ ಯೋಗ್ಯರಲ್ಲವೆಂದು ತೂಗಿ ನೋಡಿದವರಿಗೆ 2013ರಿಂದ ನೋಟಾ ಇದೆ. ಅದಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ ಎಂಬುದು ಗೊತ್ತಿರಲಿ. ತೂಗುವ ತೊಂದರೆಯೇ ಬೇಡವೆಂದು ಒತ್ತುವ ನೋಟಾ ಬರೀ ಸೋಮಾರಿತನ.

ಫಲಿತಾಂಶದ ಮರುದಿನ ಏನು? ರೋಮಿನ ವಿಶ್ವಾಸಿಗಳಲ್ಲಿ ಎಲ್ಲವನ್ನೂ ತಿನ್ನುವವರೂ ಇದ್ದರು, ಸೊಪ್ಪು ತರಕಾರಿ ಮಾತ್ರ ತಿನ್ನುವವರೂ ಇದ್ದರು; ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂದು ಪೌಲ ಬರೆದ. ಘಟ್ಟದ ಮೇಲೆ ಶಿರಸಿಯ ಪಂಕ್ತಿ, ಕೆಳಗೆ ಕಾರವಾರದ ಬಂಗಡೆ ಇಟ್ಟುಕೊಂಡ ಜಿಲ್ಲೆಗೆ ಇದನ್ನು ವಿವರಿಸಬೇಕಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಯೇಸುವಿನ ಮಾತಿಗೆ ಬೂತ್ ಮಟ್ಟದ ಜಗಳವೂ ಹೊರತಲ್ಲ. ಪ್ರಚಾರದಲ್ಲಿ ಎದುರಾಳಿಗಳಾಗಿದ್ದ ಇಬ್ಬರಿಗೆ ಮುಂದಿನ ಭಾನುವಾರ ಒಟ್ಟಿಗೆ ಕಾಣಿಕೆ ತಟ್ಟೆ ಹಿಡಿಯುವ ಪಾಳಿ ಹಾಕುವುದು ಪಾಲನಾ ಪರಿಷತ್ತಿನ ಕೈಯಲ್ಲೇ ಇದೆ.

ಸಂಪಾದಕರೇ, ನಿಮ್ಮಲ್ಲೊಂದು ಕೋರಿಕೆ. ಮುಂದಿನ ಸಲ ಕ್ಷೇತ್ರವಾರು ಪಟ್ಟಿ ಅಚ್ಚು ಮಾಡುವಾಗ ಕ್ರೈಸ್ತರ ಎದುರಿನ ಪಕ್ಷದ ಕಾಲಮನ್ನು ಖಾಲಿ ಬಿಡಿ. ಆ ಜಾಗದಲ್ಲಿ ಅಭ್ಯರ್ಥಿಗಳ ನಮೂನೆ 26ರ ನಾಲ್ಕು ಸಾಲು ಹಾಕಿದರೆ ಕಿರು ಸಮುದಾಯಗಳ ಸಭೆಗೆ ಅದನ್ನೇ ಕತ್ತರಿಸಿಕೊಂಡು ಹೋಗಬಹುದು.

ಇಂತಿ,
ಕೆಲವು ಕಥೋಲಿಕ ಶ್ರೀಸಾಮಾನ್ಯರು
ಕಾರವಾರ